ಮೈಸೂರಲ್ಲಿ ರೂಮ್ ಮಾಡ್ಕೊಂಡಿರೋರು ಕಮ್ಮಿ ಖರ್ಚಲ್ಲಿ ಹೆಲ್ದಿಯಾಗಿ ತಿನ್ನೋದು ಹೇಗೆ?

ಮೊದ್ಲು ಓಟ್ಸು, ಪ್ರೋಟೀನ್ ಪೌಡರು ಇವೆಲ್ಲ ಲಿಸ್ಟಿಂದ ತೆಗೀರಿ. ನಮ್ ಮೈಸೂರು ಮಂಡ್ಯ ಕಡೆ ಮುದ್ದೆ ಬಸ್ಸಾರಿಗಿಂತ ಕಮ್ಮಿ ಖರ್ಚಿನ ಒಳ್ಳೆ ಊಟ ನಂಗಂತೂ ಗೊತ್ತಿಲ್ಲ. 100 ಗ್ರಾಂ ರಾಗೀಲಿ 300 ಮಿಲಿಗ್ರಾಂ ಮೇಲೆ ಕ್ಯಾಲ್ಸಿಯಂ ಇದೆ, ಅಷ್ಟೇ ತೂಕದ ಒಣ ಹುಳ್ಳಿಕಾಳಲ್ಲಿ 20 ಗ್ರಾಂ ಮೇಲೆ ಪ್ರೋಟೀನು.

ಬಸ್ಸಾರು ಕಷ್ಟ ಏನಿಲ್ಲ. ರಾತ್ರಿ ಕಾಳು ನೆನೆಹಾಕಿ, ಬೆಳಿಗ್ಗೆ ಬೇಯಿಸಿ, ಮುಕ್ಕಾಲು ಬೆಂದಾಗ ದಂಟಿನ ಸೊಪ್ಪು ಹಾಕಿ, ಆಮೇಲೆ ಕಟ್ಟು ಬಸ್ಕೊಳ್ಳಿ (ದಯವಿಟ್ಟು ಚೆಲ್ಬೇಡಿ, ರುಚಿ ಇರೋದೇ ಅದ್ರಲ್ಲಿ). ಈರುಳ್ಳಿ, ಬೆಳ್ಳುಳ್ಳಿ ಹುರ್ಕೊಂಡು, ಜೀರಿಗೆ, ಖಾರದಪುಡಿ, ಚೂರು ಕಾಯಿ, ಹುಣಸೆಹಣ್ಣು, ಬೆಂದಿರೋ ಕಾಳುಸೊಪ್ಪು ಒಂದು ಹಿಡಿ ಸೇರಿಸಿ ರುಬ್ಬಿ ಕಟ್ಟಿಗೆ ಹಾಕಿ ಕುದಿಸಿದ್ರೆ ಸಾರು, ಉಳಿದಿದ್ದಕ್ಕೆ ಒಗ್ಗರಣೆ ಕೊಟ್ರೆ ಪಲ್ಯ. ಗ್ಯಾಸೂ ಉಳಿಯುತ್ತೆ.

ಸೊಪ್ಪು ತರಕಾರಿಗೆ ದೇವರಾಜ ಮಾರ್ಕೆಟ್ ಕಡೆ ಸಂಜೆ ಲೇಟಾಗಿ ಹೋಗಿ, ಅಂಗಡಿ ಎತ್ತೋ ಟೈಮಲ್ಲಿ ಚೌಕಾಸಿ ಮಾಡಿದ್ರೆ ಬಿಡ್ತಾರೆ, ಆದ್ರೆ ಬಾಡಿರೋದು ತರ್ಬೇಡಿ. ಕಾಳು, ರಾಗಿ ಸಂತೇಪೇಟೆ ಹೋಲ್‌ಸೇಲ್ ಅಂಗಡಿಗಳಲ್ಲಿ ಲೂಸಲ್ಲಿ ತಗೊಳ್ಳಿ, ರಾಗಿ ಮಿಲ್ಲಿಗೆ ಹಾಕಿಸಿದ್ರೆ ಪ್ಯಾಕೆಟ್ ಹಿಟ್ಟಿಗಿಂತ ಫ್ರೆಶ್ಶು. ಮುದ್ದೆ ತಿರುವೋಕೆ ಬರಲ್ವಾ, ಅಂಬಲಿ ಮಾಡ್ಕೊಳ್ಳಿ. ವಾರಕ್ಕೆ ಎರಡು ಮೂರು ದಿನ ಮೊಟ್ಟೆ ಇರ್ಲಿ, ತಿನ್ನೋರಾದ್ರೆ.

ಇನ್ನೊಂದು, ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿ, ಊಟ ಆದ ತಕ್ಷಣ ಟೀ ಬೇಡ, ಟೀ ಕುಡಿದ್ರೆ ಸೊಪ್ಪಿನ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತಲ್ಲ.