ಟ್ಯೂಬ್ ಹಾಕಿದರೆ ಮುಗಿಯಿತು ಎಂದುಕೊಂಡ ಮನೆ

(ಗುರುತು ಸಿಗದಂತೆ ವಿವರ ಬದಲಿಸಿದೆ.)

ಕಾಸರಗೋಡಿನ ಬದಿಯಡ್ಕ ಕಡೆಯ ಅಡಿಕೆ ಕೃಷಿಕರು, ವಯಸ್ಸು ಅರವತ್ತು ದಾಟಿದೆ. ಎಲೆ, ಅಡಿಕೆ, ಹೊಗೆಸೊಪ್ಪು ಹರೆಯದಿಂದಲೂ ಬಾಯಲ್ಲಿ. ಮೊದಲು ದೋಸೆ ಗಂಟಲಲ್ಲಿ ನಿಂತಿತು, ಆಮೇಲೆ ಅನ್ನ. ಮಂಗಳೂರಿನಲ್ಲಿ ಎಂಡೋಸ್ಕೋಪಿ, ಬಯಾಪ್ಸಿ ಆಗಿ ಅನ್ನನಾಳದ ಕ್ಯಾನ್ಸರ್ ಎಂದು ಗೊತ್ತಾಯಿತು. ಹತ್ತಿರದ ದುಗ್ಧಗ್ರಂಥಿಗೆ ತಾಗಿತ್ತು, ದೂರದ ಅಂಗಗಳಿಗೆ ಹಬ್ಬಿರಲಿಲ್ಲ.

ಚಿಕಿತ್ಸೆಗೆ ಮುಂಚೆ ಸಣ್ಣ ಕರುಳಿಗೆ ಆಹಾರದ ಟ್ಯೂಬ್ ಇಡೋಣ ಎಂದರು ಡಾಕ್ಟರು. ಮನೆಯವರು ಬೇಡ ಎಂದರು. ರೋಗಿಗಳ ಮನೆಯವರಿಗೆ ಸಲಹೆ ಕೊಡುವ ನನ್ನ ಹತ್ತಿರ ಮಗ ಒಬ್ಬನೇ ಬಂದ. "ಮೇಡಂ, ಟ್ಯೂಬ್ ಅಂದ್ರೆ ಕೊನೆ ಅಲ್ವಾ? ಅಪ್ಪನಿಗೆ ಗಂಟಲಲ್ಲಿ ಹುಣ್ಣು ಅಂತ ಮಾತ್ರ ಹೇಳಿದ್ದೇವೆ."

ಅಪ್ಪನನ್ನೂ ಕರೆದುಕೊಂಡು ಬಾ ಎಂದೆ. ಅವರು ಬಂದು ಕೂತು, ಸೊಸೆ ಕೊಟ್ಟ ಗಂಜಿತಿಳಿಯನ್ನು ಒಂದು ಗುಟುಕು ಕುಡಿದು, ಎದೆಯ ಮೇಲೆ ಕೈಯಿಟ್ಟು ಅದು ಇಳಿಯುವುದನ್ನು ಕಾದರು. ಇಳಿದ ಮೇಲೆ, "ಹುಣ್ಣಿಗೆ ಯಾರು ರೇಡಿಯೇಶನ್ ಕೊಡ್ತಾರೆ?" ಎಂದು ಕೇಳಿದರು. ಅವರಿಗೆ ಗೊತ್ತಿತ್ತು. ಹೆಚ್ಚಿನ ಮನೆಗಳಲ್ಲಿ ರೋಗಿಗೆ ಗೊತ್ತೇ ಇರುತ್ತದೆ.

ಮೂವರನ್ನೂ ಎದುರಿಗೆ ಕೂರಿಸಿ ಹೇಳಿದ್ದು ಇಷ್ಟು. ಈ ರೋಗದಲ್ಲಿ ತೂಕ ಬೇಗ ಇಳಿಯುತ್ತದೆ. ಇಳಿದ ಮೈಗೆ ಕೀಮೋ ತಡೆಯುವುದು ಕಷ್ಟ, ಆಪರೇಶನ್ ಗಾಯ ಮಾಯುವುದೂ ಕಷ್ಟ. ಟ್ಯೂಬ್ ಇಡುವುದು ಚಿಕಿತ್ಸೆ ತಡೆದುಕೊಳ್ಳಲಿಕ್ಕೆ. ನುಂಗಲು ಬಂದ ಮೇಲೆ ತೆಗೆಯಬಹುದು.

ಉಳಿಯುವ ಸಾಧ್ಯತೆ ಎಷ್ಟು ಎಂದು ಅಪ್ಪನೇ ಕೇಳಿದರು. ನಾನು ಸುಳ್ಳು ಧೈರ್ಯ ಕೊಡುವುದಿಲ್ಲ. ಇದು ಕಠಿಣ ಕಾಯಿಲೆ, ಮರಳುವುದೂ ಉಂಟು. ಆದರೆ 2012ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಕ್ರಾಸ್ ಅಧ್ಯಯನದಲ್ಲಿ, ಬರೀ ಆಪರೇಶನ್ ಆದವರಲ್ಲಿ ಅರ್ಧದಷ್ಟು ಜನ 24 ತಿಂಗಳಾದರೂ ಬದುಕಿದ್ದರು. ಐದು ವಾರ ಕೀಮೋ, 23 ಸಲ ರೇಡಿಯೇಶನ್ ಪಡೆದು ಆಮೇಲೆ ಆಪರೇಶನ್ ಆದವರಲ್ಲಿ ಅದು 49 ತಿಂಗಳು. ಇದು ಗುಂಪಿನ ಲೆಕ್ಕ, ನಿಮ್ಮ ಆಯುಷ್ಯದ ಲೆಕ್ಕ ಅಲ್ಲ ಎಂದೂ ಹೇಳಿದೆ. ರೋಗ ದೂರ ಹಬ್ಬಿದ್ದರೆ ಮಾತು ಬೇರೆಯಾಗುತ್ತಿತ್ತು: ಆಗ ಸ್ಟೆಂಟ್ (ಅನ್ನನಾಳವನ್ನು ತೆರೆದಿಡುವ ಕೊಳವೆ) ಇಟ್ಟು ನುಂಗಲು ದಾರಿ ಮಾಡುವುದು, ನೋವು ತಗ್ಗಿಸುವುದೇ ಮುಖ್ಯ.

ಡಾಕ್ಟರನ್ನು "ಗುಣಪಡಿಸಲಿಕ್ಕೋ, ಸಂಕಟ ತಗ್ಗಿಸಲಿಕ್ಕೋ?" ಎಂದು ನೇರವಾಗಿ ಕೇಳಿ ಎಂದು ಮಗನಿಗೆ ಹೇಳಿದೆ. ಹೊಗೆಸೊಪ್ಪು, ಅಡಿಕೆ ಇವತ್ತಿನಿಂದಲೇ ಬಂದ್. ಮನೆಗೆ ಬರುವ ಪಂಚಾಯತಿನ ಪಾಲಿಯೇಟಿವ್ (ಸಂಕಟ ತಗ್ಗಿಸುವ ಆರೈಕೆಯ) ನರ್ಸ್‌ಗೆ ಈಗಲೇ ತಿಳಿಸಿಡಿ. ಟ್ಯೂಬ್ ನೋಡಿಕೊಳ್ಳುವುದನ್ನು ಸೊಸೆಗೆ ಅವರು ಕಲಿಸುತ್ತಾರೆ. ಆಪರೇಶನ್ ಆದ ಮೇಲೆ ಸ್ವಲ್ಪ ಸ್ವಲ್ಪವೇ, ಹಲವು ಸಲ ಊಟ. ಉಂಡ ಕೂಡಲೇ ಮಲಗಬಾರದು.

ಅಪ್ಪ ಟ್ಯೂಬಿಗೆ ಒಪ್ಪಿದರು. ಮುಂದಿನ ವಾರ ಅಡ್ಮಿಟ್ ಆದರು, ಈಗ ರೇಡಿಯೇಶನ್ ನಡೆಯುತ್ತಿದೆ.