ದೊಡ್ಡ ಎಲೆಕ್ಟ್ರಿಕ್ ವ್ಯಾನು: ಕೊಳ್ಳುವ ಮೊದಲು ತೂಗಿ ನೋಡಿ

ಈ ಸಲದ ಪ್ರಶ್ನೆಗಳಲ್ಲಿ ಹೆಚ್ಚಿನವು ಬ್ರಿಟನ್ನಿನಲ್ಲಿ ವ್ಯಾಪಾರ ಮಾಡಿಕೊಂಡಿರುವ ಕನ್ನಡಿಗರಿಂದ ಬಂದಿವೆ. ಬಹುತೇಕ ಎಲ್ಲರೂ ಫೋರ್ಡ್ ಇ-ಟ್ರಾನ್ಸಿಟ್ ಬಗ್ಗೆಯೇ ಕೇಳಿರುವುದರಿಂದ ಲೆಕ್ಕಗಳನ್ನು ಅದಕ್ಕೇ ಹಾಕಿದ್ದೇವೆ. ಮರ್ಸಿಡಿಸ್ ಇ-ಸ್ಪ್ರಿಂಟರ್, ರೆನೊ ಮಾಸ್ಟರ್ ಇ-ಟೆಕ್, ಮ್ಯಾಕ್ಸಸ್ ಇ-ಡೆಲಿವರ್ 9 ನೋಡುತ್ತಿರುವವರು ಅಂಕಿ ಬದಲಿಸಿಕೊಂಡು ಇದೇ ದಾರಿ ಹಿಡಿಯಬಹುದು. ಕೆಳಗೆ ಯೂನಿಟ್ ಎಂದಲ್ಲೆಲ್ಲ ಕರೆಂಟ್ ಬಿಲ್ಲಿನ ಯೂನಿಟ್ಟೇ, ಅಂದರೆ ಒಂದು ಕಿಲೋವ್ಯಾಟ್ ಅವರ್.

ಪ್ರಶ್ನೆ: ದೋಸೆ ಹಿಟ್ಟು, ಅಕ್ಕಿ, ಬೆಲ್ಲ, ಕಾಫಿಪುಡಿಯನ್ನು ಸ್ಲೌನ ಗೋಡೌನಿನಿಂದ ಸೌತಾಲ್, ವೆಂಬ್ಲಿ, ಈಸ್ಟ್ ಹ್ಯಾಮ್ ಅಂಗಡಿಗಳಿಗೆ ಹಾಕುತ್ತೇವೆ. ಎತ್ತರದ ಛಾವಣಿಯ ಗಾಡಿ, 900 ಕಿಲೋ ಲೋಡು, ಬೆಳಗ್ಗೆ ಐದಕ್ಕೆ ಹೊರಟು ದಿನಕ್ಕೆ 85 ಮೈಲಿ. ಗುರುವಾರ ಮಾತ್ರ ಲೆಸ್ಟರ್, ಹೋಗಿ ಬರಲು 200 ಮೈಲಿ. 68 ಯೂನಿಟ್ ಬ್ಯಾಟರಿಯ ಗಾಡಿ ಸಾಕೇ, 89ರದ್ದೇ ಬೇಕೇ? ಕಂಪನಿಯವರು ಒಂದಕ್ಕೆ 196 ಮೈಲಿ, ಇನ್ನೊಂದಕ್ಕೆ 249 ಮೈಲಿ ಎನ್ನುತ್ತಾರೆ.
— ದಿನಸಿ ವ್ಯಾಪಾರಿ, ಸ್ಲೌ

ಉತ್ತರ: ಆ ಎರಡೂ ಅಂಕಿಗಳ ಹಿಂದೆ ‘ಗರಿಷ್ಠ’ ಎಂಬ ಮಾತಿದೆ. ಪರೀಕ್ಷಾ ಕೇಂದ್ರದ ಹಿತವಾದ ಉಷ್ಣತೆಯಲ್ಲಿ, ಆ ಸರಣಿಯ ಅತ್ಯಂತ ಅನುಕೂಲದ ಮಾದರಿಗೆ ಸಿಕ್ಕ ಅಂಕಿ ಅದು. ನಿಮ್ಮದು ಎತ್ತರದ ಛಾವಣಿ, 900 ಕಿಲೋ ಲೋಡು, ಜನವರಿಯ ಬೆಳಗ್ಗೆ ಐದು ಗಂಟೆ. ಹಾಗಾಗಿ ಮೈಲೇಜಿನಿಂದ ಲೆಕ್ಕ ಶುರು ಮಾಡಿ. ಈ ಗಾತ್ರದ ವ್ಯಾನು ಬೇಸಿಗೆಯಲ್ಲಿ ಊರೊಳಗೆ ಯೂನಿಟ್ಟಿಗೆ 2.2 ಮೈಲಿಯ ಆಸುಪಾಸು ಕೊಡುತ್ತದೆ. ಚಳಿಗಾಲದಲ್ಲಿ 1.7ಕ್ಕೆ, ಚಳಿಗಾಲದ ಮೋಟರ್‌ವೇಯಲ್ಲಿ 1.6ಕ್ಕೆ ಇಳಿಯುತ್ತದೆಂದು ಹಿಡಿಯಿರಿ. ಇಳಿಯಲು ಮುಖ್ಯ ಕಾರಣ ಭಾರವಲ್ಲ. ಮೋಟರ್‌ವೇಯಲ್ಲಿ ಗಾಳಿಗೆ ಎದೆಯೊಡ್ಡುವ ಎತ್ತರದ ಮುಖ ಒಂದು ಕಾರಣವಾದರೆ, ಊರೊಳಗೆ ಹೀಟರು ಇನ್ನೊಂದು. ದಿನಕ್ಕೆ ನಲವತ್ತು ಸಲ ಬಾಗಿಲು ತೆಗೆದು ಹಾಕುವ ಡೆಲಿವರಿಯಲ್ಲಿ ಕಾಸಿದ ಗಾಳಿಯೆಲ್ಲ ಬೀದಿಪಾಲು. ಸೀಟು ಬೆಚ್ಚಗಾಗುವ ಸೌಲಭ್ಯ ಇರುವ ಗಾಡಿಯನ್ನೇ ತೆಗೆದುಕೊಳ್ಳಿ, ಚಾಲಕನಿಗೆ ಅದನ್ನೇ ಬಳಸಲು ಹೇಳಿ. ಹೊರಡುವ ಮೊದಲು ಪ್ಲಗ್ಗಿನಲ್ಲಿರುವಾಗಲೇ ಕ್ಯಾಬಿನ್ ಕಾಸಿಬಿಟ್ಟರೆ ಆ ಕರೆಂಟು ಗೋಡೆಯಿಂದ ಬರುತ್ತದೆ, ಬ್ಯಾಟರಿಯಿಂದಲ್ಲ.

ಈಗ ನಿಮ್ಮ 85 ಮೈಲಿಯನ್ನು 1.7ರಿಂದ ಭಾಗಿಸಿದರೆ 50 ಯೂನಿಟ್. 68ರ ಬ್ಯಾಟರಿಯಲ್ಲಿ 18 ಉಳಿಯಿತು, ನೆಮ್ಮದಿ. ಆದರೆ ನೀವು ಬರೆಯದ ಒಂದು ವಿಷಯವಿದೆ: ಹಿಟ್ಟು ಹುಳಿಯದಂತೆ ಚಿಲ್ಲರ್ ಇದೆಯೇ? ಮುಖ್ಯ ಬ್ಯಾಟರಿಯಿಂದ ಓಡುವ ಚಿಲ್ಲರ್ ಗಂಟೆಗೆ 1ರಿಂದ 2 ಯೂನಿಟ್ ತಿನ್ನುತ್ತದೆ. ಏಳು ಗಂಟೆಗೆ 10 ಯೂನಿಟ್ ಹೋದರೆ ಉಳಿಯುವುದು 8. ಟ್ರಾಫಿಕ್ಕಿನಲ್ಲಿ ಒಂದು ಸುತ್ತು ಹೆಚ್ಚಾದರೂ ಎದೆ ಹೊಡೆದುಕೊಳ್ಳುತ್ತದೆ. ನಮ್ಮ ಅಭಿಪ್ರಾಯ ಸ್ಪಷ್ಟ: ಚಿಲ್ಲರ್ ಇದ್ದರೆ 89, ಇಲ್ಲದಿದ್ದರೆ 68.

ಲೆಸ್ಟರ್ ದಿನಕ್ಕೆ 200 ಮೈಲಿ ಭಾಗಿಸು 1.6, ಅಂದರೆ 125 ಯೂನಿಟ್. ಕೊನೆಗೆ ಹತ್ತು ಪರ್ಸೆಂಟ್ ಉಳಿದಿರಬೇಕೆಂದರೆ 89ರ ಗಾಡಿಗೆ ದಾರಿಯಲ್ಲಿ ಸುಮಾರು 45 ಯೂನಿಟ್ ತುಂಬಿಸಬೇಕು, ಒಂದೇ ನಿಲುಗಡೆ. 68ರದಕ್ಕೆ 64 ಯೂನಿಟ್. ವೇಗದ ಚಾರ್ಜಿಂಗ್ 80 ಪರ್ಸೆಂಟ್ ದಾಟಿದ ಮೇಲೆ ತೆವಳುವುದರಿಂದ ಎರಡು ಸಲ ನಿಲ್ಲಬೇಕಾಗುತ್ತದೆ. 68ರ ಗಾಡಿ 115 ಕಿಲೋವ್ಯಾಟ್‌ನಲ್ಲಿ 15ರಿಂದ 80 ಪರ್ಸೆಂಟಿಗೆ 34 ನಿಮಿಷ ಎನ್ನುತ್ತದೆ ಫೋರ್ಡ್. ಬ್ಯಾಟರಿ ತಣ್ಣಗಿದ್ದರೆ ಇನ್ನೂ ಹೆಚ್ಚು. ಆದರೂ ವಾರದ ಒಂದು ದಿನಕ್ಕೋಸ್ಕರ ಮಾತ್ರ ದೊಡ್ಡ ಬ್ಯಾಟರಿ ಕೊಳ್ಳಬೇಡಿ. ಅದರ ತೂಕ ಉಳಿದ ದಿನಗಳಲ್ಲಿ ನಿಮ್ಮ ಅಕ್ಕಿಮೂಟೆಯ ಜಾಗ ತಿನ್ನುತ್ತದೆ.

ಹಣದ ಲೆಕ್ಕವನ್ನೂ ಹೀಗೇ ಮಾಡಿ. ಡೀಸೆಲ್ ಲೀಟರಿಗೆ 1.40 ಪೌಂಡ್, ಗ್ಯಾಲನ್ನಿಗೆ (4.55 ಲೀಟರಿಗೆ) 28 ಮೈಲಿ ಎಂದಿಟ್ಟುಕೊಂಡರೆ ಮೈಲಿಗೆ ಸುಮಾರು 23 ಪೆನ್ಸ್ ಬೀಳುತ್ತದೆ. ವರ್ಷದ ಸರಾಸರಿ ಮೈಲೇಜು 1.8 ಬಂದರೆ, ಯೂನಿಟ್ ದರ 41 ಪೆನ್ಸ್ ಮುಟ್ಟಿದಾಗ ಕರೆಂಟೂ ಡೀಸೆಲ್ಲೂ ಸಮ. ಮೋಟರ್‌ವೇ ಬದಿಯ ಚಾರ್ಜರಿನಲ್ಲಿ ಯೂನಿಟ್ಟಿಗೆ 80 ಪೆನ್ಸ್ ಕೊಟ್ಟರೆ ಮೈಲಿಗೆ 44 ಪೆನ್ಸ್ ಆಯಿತು, ಡೀಸೆಲ್ಲಿನ ಎರಡರಷ್ಟು. ಗೋಡೌನಿನಲ್ಲಿ 25 ಪೆನ್ಸ್‌ನಂತೆ ತುಂಬಿಸಿದರೆ 14 ಪೆನ್ಸ್. ಈ ಗಾಡಿಯ ಲಾಭವೆಲ್ಲ ಇರುವುದು ನಿಮ್ಮ ಸ್ವಂತ ಗೋಡೆಯ ಪ್ಲಗ್ಗಿನಲ್ಲಿ.

ಸಹಿ ಹಾಕುವ ಮೊದಲು ಡೀಲರ್ ಬಳಿ ಡೆಮೊ ಗಾಡಿಯನ್ನು ಒಂದು ಗಂಟೆಗಲ್ಲ, ಒಂದು ವಾರಕ್ಕೆ ಕೇಳಿ. ನಿಮ್ಮದೇ ಲೋಡು, ನಿಮ್ಮದೇ ಚಾಲಕ, ನಿಮ್ಮದೇ ದಾರಿ. ಪ್ರತಿದಿನ ಹೊರಟಾಗಿನ ಪರ್ಸೆಂಟ್, ಮರಳಿದಾಗಿನ ಪರ್ಸೆಂಟ್, ಓಡಿದ ಮೈಲಿ, ಹೊರಗಿನ ಚಳಿ ಎಷ್ಟಿತ್ತು, ಈ ನಾಲ್ಕನ್ನು ಬರೆದಿಡಿ. ಬೇಸಿಗೆಯಲ್ಲಿ ಡೆಮೊ ಸಿಕ್ಕಿದರೆ ಬಂದ ಮೈಲೇಜಿನಲ್ಲಿ ಕಾಲುಭಾಗ ಕಳೆದು ಚಳಿಗಾಲದ ಅಂದಾಜು ಮಾಡಿ.

ಪ್ರಶ್ನೆ: ಮದುವೆ, ಗೃಹಪ್ರವೇಶಗಳಿಗೆ ಅಡುಗೆ ಮಾಡಿಕೊಡುತ್ತೇವೆ. ಪಾತ್ರೆ, ಬರ್ನರ್, ಗ್ರೈಂಡರ್ ಎಲ್ಲ ಸೇರಿ ಒಂದು ಟನ್ ದಾಟುತ್ತದೆ. ಬರ್ಮಿಂಗ್‌ಹ್ಯಾಮ್ ಹತ್ತಿರದ ಬಾಲಾಜಿ ದೇವಸ್ಥಾನದವರೆಗೂ ಹೋಗುವುದುಂಟು. 3.5 ಟನ್ ಗಾಡಿಯೋ, 4.25 ಟನ್‌ನದೋ? ನನ್ನದು ಸಾಮಾನ್ಯ ಕಾರ್ ಲೈಸೆನ್ಸ್.
— ಅಡುಗೆ ಕಾಂಟ್ರ್ಯಾಕ್ಟರ್, ರೆಡಿಂಗ್

ಉತ್ತರ: ನಿಮಗೆ 4.25. 3.5 ಟನ್ ಎಂಬುದು ಗಾಡಿ ಮತ್ತು ಲೋಡು ಎರಡೂ ಸೇರಿದ ತೂಕ. ಬ್ಯಾಟರಿಯಿಂದಾಗಿ ಖಾಲಿ ಗಾಡಿಯೇ ಎರಡೂವರೆ ಟನ್ ಆಸುಪಾಸು ಇರುತ್ತದೆ. ಉಳಿಯುವ ಒಂದು ಟನ್ನಿನಲ್ಲಿ ಒಳಗೋಡೆಗೆ ಹೊಡೆಸಿದ ಪ್ಲೈವುಡ್ 60–80 ಕಿಲೋ, ರ‍್ಯಾಕು 100ಕ್ಕೂ ಹೆಚ್ಚು, ಟೈಲ್ ಲಿಫ್ಟ್ (ಮಾಲು ಎತ್ತಿಳಿಸುವ ಹಿಂಬದಿಯ ಹಲಗೆ) ಹಾಕಿಸಿದರೆ ಮತ್ತೆ 150ರ ಮೇಲೆ, ಪಕ್ಕದಲ್ಲಿ ಕೂರುವ ಸಹಾಯಕ 75 ಕಿಲೋ. ಪಾತ್ರೆ ಇಡುವ ಮೊದಲೇ 400 ಕಿಲೋ ಆಸುಪಾಸು ಕರಗಿತು. ಇ-ಟ್ರಾನ್ಸಿಟ್‌ಗೆ 1,616 ಕಿಲೋ ಲೋಡು ಎಂದು ಜಾಹೀರಾತಿನಲ್ಲಿ ಕಾಣುವುದು 4.25 ಟನ್ ಮಾದರಿಯ ಗರಿಷ್ಠ ಅಂಕಿ.

ಲೈಸೆನ್ಸಿನ ತೊಡಕು ಈಗಿಲ್ಲ. ಹೊಗೆ ಬಿಡದ ಗಾಡಿಗಳನ್ನು 4.25 ಟನ್‌ವರೆಗೆ ಸಾಮಾನ್ಯ ಬಿ ವರ್ಗದ ಲೈಸೆನ್ಸಿನಲ್ಲೇ ಓಡಿಸಬಹುದು. ಮೊದಲು ಇದಕ್ಕೆ ಐದು ಗಂಟೆಯ ತರಬೇತಿ ಬೇಕಿತ್ತು, 2025ರ ಜೂನ್ 10ರಿಂದ ಅದನ್ನು ತೆಗೆದಿದ್ದಾರೆ. ಆದರೆ 3.5 ಟನ್ ದಾಟಿದ ಗಾಡಿಗೆ ಚಾಲಕರು ಎಷ್ಟು ಗಂಟೆ ಓಡಿಸಬಹುದೆಂಬ ನಿಯಮ ಮತ್ತು ಅದನ್ನು ದಾಖಲಿಸುವ ಟ್ಯಾಕೋಗ್ರಾಫ್ ಯಂತ್ರ ಅನ್ವಯಿಸುತ್ತವೆ. ಎಲೆಕ್ಟ್ರಿಕ್ ಗಾಡಿಗೆ ನೆಲೆಯಿಂದ 100 ಕಿಲೋಮೀಟರ್ ವ್ಯಾಪ್ತಿಯೊಳಗೆ ಮಾತ್ರ ವಿನಾಯಿತಿ. ರೆಡಿಂಗ್‌ನಿಂದ ಬಾಲಾಜಿ ದೇವಸ್ಥಾನ ಆ ವ್ಯಾಪ್ತಿಯ ಆಚೆಗಿದೆ, ಆ ದಿನಗಳಿಗೆ ತಯಾರಾಗಿರಿ.

ಒಟ್ಟು ತೂಕ ಸರಿಯಿದ್ದೂ ಹಿಂದಿನ ಆಕ್ಸಲ್ (ಚಕ್ರದ ಅಚ್ಚು) ಹೊರುವ ಮಿತಿ ಮೀರುವುದು ಅಡುಗೆಯವರ ಗಾಡಿಗಳಲ್ಲಿ ಹೆಚ್ಚು. ಕೊನೆಗೆ ಹತ್ತಿಸಿದ ಗ್ರೈಂಡರೂ ಗ್ಯಾಸ್ ಸಿಲಿಂಡರೂ ಹಿಂಬಾಗಿಲ ಬುಡದಲ್ಲೇ ಕೂರುತ್ತವೆ, ಅಂದರೆ ಹಿಂದಿನ ಚಕ್ರದಿಂದಲೂ ಆಚೆಗೆ. ಗಾಡಿಯ ಮೇಲೆ ಹಾಕಿರುವ ತೂಕದ ಮಾಹಿತಿ ತಟ್ಟೆಯಲ್ಲಿ ಒಟ್ಟು ತೂಕದ ಕೆಳಗೆ ಆಕ್ಸಲ್ 1, ಆಕ್ಸಲ್ 2ರ ಮಿತಿ ಬೇರೆಬೇರೆಯಾಗಿ ಕೊರೆದಿರುತ್ತದೆ. ತುಂಬಿದ ಗಾಡಿಯನ್ನು ವೇ ಬ್ರಿಡ್ಜಿಗೆ ಒಯ್ದು ಮೂರು ಸಲ ತೂಗಿಸಿ: ಮುಂದಿನ ಚಕ್ರ ಮಾತ್ರ, ಪೂರ್ತಿ ಗಾಡಿ, ಹಿಂದಿನ ಚಕ್ರ ಮಾತ್ರ. ಚೀಟಿಗಳನ್ನು ಗಾಡಿಯಲ್ಲೇ ಇಟ್ಟುಕೊಳ್ಳಿ. ರಸ್ತೆಯಲ್ಲಿ ಸಿಕ್ಕಿಬಿದ್ದರೆ 100ರಿಂದ 300 ಪೌಂಡ್ ದಂಡ, 30 ಪರ್ಸೆಂಟ್ ಮೀರಿದ್ದರೆ ಕೋರ್ಟು. ಲೋಡು ಇಳಿಸದೆ ಮುಂದೆ ಹೋಗಲೂ ಬಿಡುವುದಿಲ್ಲ, ಮುಹೂರ್ತ ಕಾಯುವುದಿಲ್ಲ.

ಗಾಡಿಯಿಂದಲೇ ಕರೆಂಟು ಕೊಡುವ 2.3 ಕಿಲೋವ್ಯಾಟ್ ಸಾಕೆಟ್ ಆಯ್ಕೆ ನಿಮಗೆ ಉಪಯೋಗಕ್ಕೆ ಬರುತ್ತದೆ. ಆದರೆ ಒಂದು ಹೆಚ್‌ಪಿ ಗ್ರೈಂಡರ್ ಶುರುವಾಗುವ ಕ್ಷಣ ತನ್ನ ಸಾಮಾನ್ಯ ಕರೆಂಟಿನ ಹಲವು ಪಟ್ಟು ಎಳೆಯುತ್ತದೆ. ಅದು ತಿರುಗುವಾಗ ಅದೇ ಸಾಕೆಟ್ಟಿಗೆ ಬಿಸಿನೀರಿನ ಕೆಟಲ್ ಹಾಕಿದರೆ ಟ್ರಿಪ್ ಆಗುವುದು ಖಂಡಿತ.

ಪ್ರಶ್ನೆ: ಮನೆಯಲ್ಲಿ 7 ಕಿಲೋವ್ಯಾಟ್ ಚಾರ್ಜರ್ ಇದೆ. ರಾತ್ರಿ 9ಕ್ಕೆ ಬಂದು ಬೆಳಗ್ಗೆ 6ಕ್ಕೆ ಹೊರಡುತ್ತೇನೆ. 89 ಯೂನಿಟ್ ಗಾಡಿ ದಿನವೂ ತುಂಬುತ್ತದೆಯೇ? ಅದು 22 ಕಿಲೋವ್ಯಾಟ್ ತೆಗೆದುಕೊಳ್ಳುತ್ತದಂತೆ.
— ಮಂಟಪ ಅಲಂಕಾರದವರು, ಹ್ಯಾರೊ

ಉತ್ತರ: ತುಂಬುವುದಿಲ್ಲ. 22 ಬರುವುದು ತ್ರೀ ಫೇಸ್ ಇದ್ದಲ್ಲಿ. ಮನೆಯ ಸಿಂಗಲ್ ಫೇಸ್ 230 ವೋಲ್ಟ್, 32 ಆಂಪಿಯರ್, ಅಂದರೆ 7.4 ಕಿಲೋವ್ಯಾಟ್. ಚಾರ್ಜಿಂಗಿನಲ್ಲಿ ಆಗುವ ನಷ್ಟ ಕಳೆದು ಬ್ಯಾಟರಿಗೆ ಸೇರುವುದು ಗಂಟೆಗೆ ಸುಮಾರು 6.6 ಯೂನಿಟ್. ಒಂಬತ್ತು ಗಂಟೆಗೆ 59 ಯೂನಿಟ್, ಚಳಿಗಾಲದ 100 ಮೈಲಿ. ರಾತ್ರಿಯ ಆರು ಗಂಟೆಯ ಅಗ್ಗದ ದರದಲ್ಲಷ್ಟೇ ತುಂಬಿಸುವುದಾದರೆ 40 ಯೂನಿಟ್, 68 ಮೈಲಿ. ನಿಮ್ಮ ದಿನದ ಓಟ ಇದಕ್ಕಿಂತ ಕಡಿಮೆಯಿದ್ದರೆ ಏನೂ ಚಿಂತೆಯಿಲ್ಲ. ವಾರದ ಮಧ್ಯೆ ಇಳಿಯುತ್ತಾ ಹೋದದ್ದು ರಜೆಯ ರಾತ್ರಿ ತುಂಬಿಕೊಳ್ಳುತ್ತದೆ. ಹೆಚ್ಚಿದ್ದರೆ ದೊಡ್ಡ ಬ್ಯಾಟರಿ ಕೊಂಡೂ ಗುರುವಾರದ ಹೊತ್ತಿಗೆ ಸಾರ್ವಜನಿಕ ಚಾರ್ಜರ್ ಹುಡುಕುತ್ತಿರುತ್ತೀರಿ. ಅಲ್ಲಿ ದರವೂ ಜಾಸ್ತಿ, ವ್ಯಾಟ್ ತೆರಿಗೆ ಮನೆಯ 5ರ ಬದಲು 20 ಪರ್ಸೆಂಟ್.

ಟೇಪು ಹಿಡಿದು ಅಂಗಳ ಅಳೆಯಿರಿ. ಎಲ್3 (ಉದ್ದದ ಒಂದು ಅಳತೆ) ಗಾಡಿ 5.98 ಮೀಟರ್ ಉದ್ದ, ಚಾರ್ಜಿಂಗ್ ಬಾಯಿ ಇರುವುದು ಮುಂದಿನ ಗ್ರಿಲ್ಲಿನಲ್ಲಿ. ಮೂತಿ ಮನೆಯ ಕಡೆಗಿಟ್ಟು ನಿಲ್ಲಿಸಿದರೆ ಬಾಲ ಫುಟ್‌ಪಾತಿಗೆ ಬರಬಾರದು. ಬ್ರಿಟನ್ನಿನ ಸಾಮಾನ್ಯ ಪಾರ್ಕಿಂಗ್ ಜಾಗ 4.8 ಮೀಟರ್ ಉದ್ದ, ಎಷ್ಟೋ ಕಡೆ ಎತ್ತರದ ಅಡ್ಡಪಟ್ಟಿ 2.1 ಮೀಟರಿಗೇ ಇರುತ್ತದೆ. ನಿಮ್ಮ ಗಾಡಿ ಎರಡೂವರೆ ಮೀಟರ್ ಎತ್ತರ. ಹಾಗಾಗಿ ನಕ್ಷೆಯಲ್ಲಿ ಕಂಡ ಚಾರ್ಜರೆಲ್ಲ ನಿಮ್ಮ ಪಾಲಿನದಲ್ಲ. ನಿಮ್ಮ ದಾರಿಯಲ್ಲಿ ವ್ಯಾನು ಒಳಹೋಗುವಂಥ ಎರಡನ್ನು ಮೊದಲೇ ಹೋಗಿ ನೋಡಿಬನ್ನಿ.

ಪ್ರಶ್ನೆ: ಲಂಡನ್ನಿನಲ್ಲಿ ಎಲೆಕ್ಟ್ರಿಕ್ ವ್ಯಾನಿಗೆ ಏನೂ ಕಟ್ಟುವಂತಿಲ್ಲ ಎಂಬುದು ನಿಜವೇ? — ಕ್ರಾಯ್ಡನ್

ಉತ್ತರ: ಈಗ ಪೂರ್ತಿ ನಿಜವಲ್ಲ. ನಡು ಲಂಡನ್ನಿಗೆ ಗಾಡಿ ತರಲು ಕಟ್ಟುವ ಕಂಜೆಶನ್ ಚಾರ್ಜಿನ ಪೂರ್ಣ ವಿನಾಯಿತಿ 2025ರ ಡಿಸೆಂಬರಿನಲ್ಲಿ ಮುಗಿಯಿತು. 2026ರ ಜನವರಿ 2ರಿಂದ ದಿನಕ್ಕೆ 18 ಪೌಂಡ್, ಆಟೊ ಪೇ (ತಾನಾಗಿ ಹಣ ಕಟ್ಟಾಗುವ ಖಾತೆ) ಮಾಡಿಸಿಕೊಂಡ ಎಲೆಕ್ಟ್ರಿಕ್ ವ್ಯಾನಿಗೆ ಅರ್ಧ. ಹೆಚ್ಚು ಹೊಗೆ ಬಿಡುವ ಗಾಡಿಗಳ ಮೇಲಿನ ಯುಲೆಜ್ ಶುಲ್ಕದ 12.50 ಪೌಂಡ್ ಇಲ್ಲ, ಆದರೆ ಯೂರೋ 6 ಹೊಗೆ ಮಿತಿಯ ಡೀಸೆಲ್ ವ್ಯಾನಿಗೂ ಅದು ಇಲ್ಲ. ಅದನ್ನು ಉಳಿತಾಯದ ಪಟ್ಟಿಗೆ ಸೇರಿಸುವ ಸೇಲ್ಸ್‌ಮನ್ ಮಾತು ಕೇಳಬೇಡಿ. ರಸ್ತೆ ತೆರಿಗೆಯೂ 2025ರ ಏಪ್ರಿಲ್‌ನಿಂದ ಬಂದಿದೆ. ಹೊಸ ದೊಡ್ಡ ವ್ಯಾನಿಗೆ 5,000 ಪೌಂಡ್‌ವರೆಗಿನ ಸರ್ಕಾರಿ ಸಹಾಯಧನವನ್ನು ಡೀಲರೇ ಕಳೆದು ಬಿಲ್ ಕೊಡಬೇಕು. ಕೊಟೇಶನ್ನಿನಲ್ಲಿ ಆ ಸಾಲು ಬೇರೆಯಾಗಿ ಕಾಣುವಂತೆ ಕೇಳಿ.

ಪ್ರಶ್ನೆ: 2022ರ ಇ-ಟ್ರಾನ್ಸಿಟ್, 60,000 ಮೈಲಿ ಓಡಿದ್ದು, ಸಿಗುತ್ತಿದೆ. ಏನೇನು ನೋಡಬೇಕು? — ಮಿಲ್ಟನ್ ಕೀನ್ಸ್

ಉತ್ತರ: ಬ್ಯಾಟರಿಗೆ 8 ವರ್ಷ ಅಥವಾ 1 ಲಕ್ಷ ಮೈಲಿಯ ವಾರಂಟಿ. ಹಾಗಾಗಿ ಇನ್ನೂ 40,000 ಮೈಲಿ ಬಾಕಿ ಇದೆ, ಒಳ್ಳೆಯದು. ಬ್ಯಾಟರಿ ಆರೋಗ್ಯದ ವರದಿಯನ್ನು ಕಾಗದದಲ್ಲಿ ಕೇಳಿ, ಜೊತೆಗೆ ನೀವೇ ಅಳೆಯಿರಿ. ಪೂರ್ತಿ ಚಾರ್ಜ್ ಮಾಡಿಸಿ, ಟ್ರಿಪ್ ಮೀಟರ್ ಸೊನ್ನೆಗೆ ತಂದು, 60 ಪರ್ಸೆಂಟಿಗೆ ಇಳಿಯುವವರೆಗೆ ಓಡಿಸಿ. 52 ಮೈಲಿ ಓಡಿ, ಪರದೆಯಲ್ಲಿ ಯೂನಿಟ್ಟಿಗೆ 2 ಮೈಲಿ ಎಂದಿದ್ದರೆ 26 ಯೂನಿಟ್ ಖರ್ಚಾಗಿದೆ. ಅದು 40 ಪರ್ಸೆಂಟ್ ಎಂದರೆ ಪೂರ್ತಿ 65 ಯೂನಿಟ್. ಹೊಸದರಲ್ಲಿ 68 ಇತ್ತು. 60ರ ಮೇಲೆ ಏನು ಬಂದರೂ ಚಿಂತೆಯಿಲ್ಲ.

ಆಮೇಲೆ ಎರಡು ಬಗೆಯ ಚಾರ್ಜಿಂಗನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿ. ಗೋಡೆಯ ಚಾರ್ಜರಿನ ಕರೆಂಟು ಗಾಡಿಯೊಳಗಿನ ಪರಿವರ್ತಕದ ಮೂಲಕ ಹೋಗುತ್ತದೆ, ವೇಗದ ಚಾರ್ಜರಿನದು ನೇರ ಬ್ಯಾಟರಿಗೆ. ಒಂದು ಕೆಟ್ಟಿದ್ದರೂ ಇನ್ನೊಂದು ಸರಾಗ ನಡೆಯುತ್ತಿರುತ್ತದೆ, ಮಾರುವವರು ನಡೆಯುವುದನ್ನೇ ತೋರಿಸುತ್ತಾರೆ. ಬಗ್ಗಿ ಕೆಳಗೆ ನೋಡಿ: ಬ್ಯಾಟರಿ ತಟ್ಟೆಯಲ್ಲಿ ಗುಳಿ, ಕೆರೆದ ಗೀರು, ಬಿಚ್ಚಿಹೋದ ಬೋಲ್ಟ್ ಇದ್ದರೆ ಬಿಟ್ಟುಬಿಡಿ. ಬ್ರೇಕ್ ಡಿಸ್ಕಿನ ಒಳಮುಖಕ್ಕೆ ಟಾರ್ಚ್ ಹಾಕಿ. ಮೋಟಾರೇ ವೇಗ ತಗ್ಗಿಸುವುದರಿಂದ ಪ್ಯಾಡು ಸವೆಯುವುದಿಲ್ಲ, ಡಿಸ್ಕ್ ಮಾತ್ರ ತುಕ್ಕು ಹಿಡಿದು ಚಕ್ಕೆ ಏಳುತ್ತದೆ. ಹಿಂದಿನ ಟೈರುಗಳಿಗೆ ಸಿ ಗುರುತು (ಭಾರ ಹೊರುವ ವ್ಯಾನಿನ ಟೈರ್ ಎಂಬ ಸೂಚನೆ) ಇರಲೇಬೇಕು. ಕಾರಿನ ಟೈರ್ ಹಾಕಿ ಮಾರುವವರಿದ್ದಾರೆ. 12 ವೋಲ್ಟಿನ ಚಿಕ್ಕ ಬ್ಯಾಟರಿ ಎಂದು ಬದಲಾಗಿದೆ ಕೇಳಿ. ಅದು ಸತ್ತರೆ ದೊಡ್ಡದು ತುಂಬಿದ್ದರೂ ಗಾಡಿ ಎಚ್ಚರವಾಗುವುದಿಲ್ಲ.

ಪ್ರಶ್ನೆ: ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ಮಾಡುತ್ತೇವೆ. ದಿನಕ್ಕೆ ಒಂದು ಟನ್, 70 ಕಿಲೋಮೀಟರ್. ನಮಗೂ ಇಂಥ ದೊಡ್ಡ ವ್ಯಾನು ಬೇಕೇ? — ಬೆಂಗಳೂರು

ಉತ್ತರ: ಬೇಡ. ನಿಮ್ಮ ಮಾಲು ಭಾರ, ಗಾತ್ರ ಚಿಕ್ಕದು. ಟಾಟಾ ಏಸ್ ಇವಿ 1000 ಒಂದು ಟನ್ ಹೊರುತ್ತದೆ, ಪರೀಕ್ಷೆಯ ಅಂಕಿ 161 ಕಿಲೋಮೀಟರ್. ಒಂದು ಟನ್ ದಾಟುವ ದಿನಗಳು ಹೆಚ್ಚಿದ್ದರೆ 1,250 ಕಿಲೋ ಹೊರುವ ಯೂಲರ್ ಸ್ಟಾರ್ಮ್ ನೋಡಿ. ಜಿಎಸ್‌ಟಿ 5 ಪರ್ಸೆಂಟ್, 2018ರ ಕೇಂದ್ರ ಆದೇಶದಂತೆ ಬ್ಯಾಟರಿ ಗಾಡಿಗೆ ಪರ್ಮಿಟ್ ಬೇಡ. 15 ಆಂಪಿಯರ್ ಸಾಕೆಟ್ಟಿನಲ್ಲೇ ರಾತ್ರಿ ತುಂಬುತ್ತದೆ. ಆದರೆ ಹಳೆಯ ಶೆಡ್ಡುಗಳಲ್ಲಿ ಅರ್ತಿಂಗ್ ಸರಿಯಿಲ್ಲದೆ ಗಾಡಿ ಚಾರ್ಜ್ ತೆಗೆದುಕೊಳ್ಳಲು ಒಪ್ಪುವುದಿಲ್ಲ. ಗಾಡಿ ಬುಕ್ ಮಾಡುವ ಮೊದಲು ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಅರ್ತ್ ಪಿಟ್ ಅಳೆಸಿ, ಮೀಟರ್ ಬೋರ್ಡಿನಿಂದ ಆ ಸಾಕೆಟ್ಟಿಗೆ ಬೇರೆ 4 ಚದರ ಮಿಲಿಮೀಟರ್ ತಾಮ್ರದ ವೈರ್ ಎಳೆಸಿ. ವೆಲ್ಡಿಂಗ್ ಮೆಷಿನ್ ಓಡುವ ಲೈನಿಗೆ ಅದನ್ನು ಸೇರಿಸಬೇಡಿ.