1500 ರೂಪಾಯಿಯಲ್ಲಿ ತಾರಸಿ ಮೇಲೆ ಟೊಮೆಟೊ ಬೆಳೆಯಲು ಯಾವ ಪಾಟ್ ಕೊಳ್ಳಲಿ?

"ಮಣ್ಣು ಪಕ್ಕದ ಸೈಟಿನಲ್ಲಿ ಪುಕ್ಕಟೆ ಸಿಗುತ್ತೆ, ಪಾಟಿಗಷ್ಟೇ ಖರ್ಚು" ಅಂತ ಬರೆದಿದ್ದೀರಲ್ಲ, ಓದಿ ನಗು ಬಂತು. ಬೇಜಾರು ಮಾಡ್ಕೋಬೇಡಿ. ಇದೇ ಲೆಕ್ಕ ಹಾಕಿಯೇ ನಾನೂ ಕೈ ಸುಟ್ಟುಕೊಂಡಿದ್ದು.

2023ರ ಜುಲೈ. ಟೊಮೆಟೊ ಕೆಜಿಗೆ ನೂರು ದಾಟಿತ್ತು. ನಮ್ಮ ಮನೆ ಸಾರಿಗೆ ಹುಣಸೆಹಣ್ಣೇ ಗತಿ. ಬೆಂಗಳೂರಿನಲ್ಲಿ ಬಾಡಿಗೆ ಮನೆ, ಮೇಲೆ ಖಾಲಿ ತಾರಸಿ. ಇದ್ದ ದುಡ್ಡನ್ನೆಲ್ಲ ಸುರಿದು ಹತ್ತು ಚೆಂದದ ಪಾಟ್ ತಂದೆ. ಎದುರು ಸೈಟಿನಲ್ಲಿ ಪಾಯ ತೋಡುತ್ತಿದ್ದರು. ಮೇಸ್ತ್ರಿಯನ್ನು ಕೇಳಿದರೆ "ತಗೊಂಡ್ಹೋಗಿ ಸಾರ್, ನಮಗೆ ಒಂದು ಲೋಡು ಉಳೀತು" ಅಂದರು. ಕೆಂಪಗೆ, ನುಣ್ಣಗೆ, ನೋಡೋಕೆ ಏನು ಚೆಂದ! ಹದಿನೈದು ಸಲ ಮೆಟ್ಟಿಲು ಹತ್ತಿಳಿದು ತುಂಬಿದೆ.

ಎಡವಿದ್ದು ಇಲ್ಲೇ. ಪಾಯದ ಮಣ್ಣು ಅಂದರೆ ಐದಾರು ಅಡಿ ಕೆಳಗಿನದು. ಅದರಲ್ಲಿ ಎಲೆ ಕೊಳೆತಿಲ್ಲ, ಎರೆಹುಳು ಓಡಾಡಿಲ್ಲ. ಬರೀ ಜೇಡಿ. ಒದ್ದೆಯಾದರೆ ಮುದ್ದೆ, ಒಣಗಿದರೆ ಇಟ್ಟಿಗೆ. ಒಣಗುವಾಗ ಅದು ಕುಗ್ಗಿ, ಪಾಟಿನ ಅಂಚಿಗೆ ಸುತ್ತಲೂ ಸಣ್ಣ ಸಂದು ಬಿಡುತ್ತದೆ. ಹಾಕಿದ ನೀರು ಆ ಸಂದಿನಲ್ಲೇ ಸರ್ರನೆ ಇಳಿದು ತಳದ ತೂತಿನಿಂದ ಆಚೆ. ತೂತಿನಲ್ಲಿ ನೀರು ಬಂತು, ಗಿಡ ಕುಡೀತು ಅಂದುಕೊಳ್ಳುತ್ತಿದ್ದೆ ನಾನು. ಎಲೆ ಬಾಡಿದರೆ ಇನ್ನೊಂದು ಚೊಂಬು. ಹಳದಿಯಾದರೆ ಮತ್ತೊಂದು. ಸಗಣಿ ನೀರು, ಮಜ್ಜಿಗೆ ನೀರು, ಯಾರು ಏನು ಹೇಳಿದರೂ ಹಾಕಿದೆ. ಅದೂ ಸಂದಿನ ಪಾಲು.

ಅಕ್ಟೋಬರಿನಲ್ಲಿ ಊರಿಂದ ಅಮ್ಮ ಬಂದವರು ಒಂದು ಪಾಟನ್ನು ಬೋರಲು ಹಾಕಿ ತಟ್ಟಿದರು. ಮಣ್ಣು ಪಾಟಿನ ಆಕಾರದಲ್ಲೇ ಹೊರಬಂತು, ಬೆಲ್ಲದ ಅಚ್ಚಿನ ಹಾಗೆ. ಗಿಡದ ಬೇರುಗಳೆಲ್ಲ ಹೊರಮೈಗೆ ಬಲೆ ಥರ ಅಂಟಿಕೊಂಡಿದ್ದವು. ಕಲ್ಲಿನಿಂದ ಕುಟ್ಟಿ ಒಡೆದರೆ ನಡುವೆ ಒಂದು ಹನಿ ತೇವ ಇಲ್ಲ. ಬೆಳಿಗ್ಗೆ ತಾನೇ ನೀರು ಹಾಕಿದ್ದೆ! "ಟೊಮೆಟೊ ಬೆಳೀತೀನಿ ಅಂದೋನು ಇಟ್ಟಿಗೆ ಬೆಳ್ದಿದ್ದೀಯಲ್ಲೋ" ಅಂದರು. ಹತ್ತು ಪಾಟಿನಿಂದ ಸಿಕ್ಕಿದ್ದು ಗೋಲಿ ಗಾತ್ರದ ಹದಿಮೂರು ಕಾಯಿ. ಅಷ್ಟರಲ್ಲಿ ಮಾರ್ಕೆಟ್‌ನಲ್ಲಿ ಟೊಮೆಟೊ ಬೆಲೆ ನೆಲ ಕಚ್ಚಿಯಾಗಿತ್ತು.

ಹಾಗಾಗಿ ಯಾವ ಪಾಟ್ ಅನ್ನೋ ಪ್ರಶ್ನೆಯನ್ನೇ ಬಿಡಿ. ಪೇಂಟ್ ಹೊಡೆಯುವವರ ಹತ್ತಿರ 20 ಲೀಟರಿನ ಖಾಲಿ ಬಕೆಟ್ ಇರುತ್ತದೆ, ಹಣ್ಣಿನ ಅಂಗಡಿಯಲ್ಲಿ ಥರ್ಮಾಕೋಲ್ ಪೆಟ್ಟಿಗೆ. ಬಕೆಟ್ಟಿನ ತಳಕ್ಕೆ ಕಾದ ಕಂಬಿಯಿಂದ ಐದಾರು ತೂತು, ಒಳಗೆ ಒಂದು ಹಿಡಿ ತೆಂಗಿನ ನಾರು, ಬಕೆಟ್ಟಿನ ಕೆಳಗೆ ಎರಡು ಇಟ್ಟಿಗೆ. ಇಟ್ಟಿಗೆ ಮರೆತರೆ ತಾರಸಿ ಸೋರುತ್ತೆ ಅಂತ ಓನರ್ ತಕರಾರು ಶುರು.

ದುಡ್ಡೆಲ್ಲ ಒಳಗೆ ತುಂಬುವುದಕ್ಕೆ ಹಾಕಿ. ಮೇಲ್ಮಣ್ಣು ಒಂದು ಪಾಲು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಒಂದು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಇಲ್ಲವೇ ಎರೆಗೊಬ್ಬರ ಒಂದು ಪಾಲು. ಬಕೆಟ್ಟಿಗೊಂದು ಹಿಡಿ ಬೇವಿನ ಹಿಂಡಿ. ಕೋಕೋಪೀಟಿಗೆ ದುಡ್ಡು ಸಾಲದಿದ್ದರೆ ರಸ್ತೆ ಬದಿಯ ಒಣ ಎಲೆಯನ್ನು ಸಿಮೆಂಟ್ ಚೀಲಕ್ಕೆ ತುರುಕಿ, ಆಗಾಗ ನೀರು ಚಿಮುಕಿಸಿ, ಐದಾರು ತಿಂಗಳು ಮೂಲೆಯಲ್ಲಿಡಿ; ಕೊಳೆತ ಮೇಲೆ ಅದನ್ನೇ ಬೆರೆಸಿ. ಕಲಸಿದ ಮಣ್ಣನ್ನು ಮುಷ್ಟಿಯಲ್ಲಿ ಅದುಮಿದರೆ ಉಂಡೆ ಆಗಬೇಕು, ಬೆರಳಲ್ಲಿ ತಟ್ಟಿದರೆ ಉದುರಬೇಕು. ಅದೇ ಹದ.

ಇನ್ನು ಟೊಮೆಟೊ? ಬೇಡ. ಮೂರು ತಿಂಗಳು ಕಾಯಬೇಕು, ಎಲೆ ಮುರುಟು ರೋಗ ಬಂದರೆ ಕಾದಿದ್ದೂ ದಂಡ. ದುಡ್ಡು ಉಳಿಸಬೇಕು ಅಂದರೆ ಸೊಪ್ಪು ಹಾಕಿ. ಮೆಂತ್ಯ ನಿಮ್ಮ ಅಡುಗೆಮನೆ ಡಬ್ಬಿಯಲ್ಲೇ ಇದೆ, 25 ದಿನಕ್ಕೆಲ್ಲ ಕೀಳಬಹುದು. ಪುದೀನ ತಂದಾಗ ದಂಟು ಬಿಸಾಡಬೇಡಿ, ಸುಮ್ನೆ ಚುಚ್ಚಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ಅನ್ನೋ ತಳಿಯ ಹರಿವೆ ಬೀಜ ಸಿಕ್ಕರಂತೂ ಬಿಡಲೇಬೇಡಿ, ಕೊಯ್ದಷ್ಟೂ ಚಿಗುರುತ್ತದೆ.

ಆ ಹತ್ತು ಪಾಟುಗಳಲ್ಲಿ ಈಗ ಬಸಳೆ ಹಬ್ಬಿದೆ. ಅದೇ ಪಾಯದ ಮಣ್ಣನ್ನು ಕುಟ್ಟಿ ಪುಡಿ ಮಾಡಿ, ನಾಲ್ಕರಲ್ಲಿ ಒಂದು ಪಾಲು ಮಾತ್ರ ಬೆರೆಸಿದ್ದೇನೆ. ಮಿಕ್ಕಿದ್ದು ಇನ್ನೂ ಮೂರು ಚೀಲ ಮೆಟ್ಟಿಲ ಕೆಳಗಿದೆ. ಬೇಕಾದರೆ ಬಂದು ಒಯ್ಯಿರಿ, ಪುಕ್ಕಟೆ.